ಏಳನೇ ಗೋಡೆ

ರಾಮದುರ್ಗ
೪ ಫೆಬ್ರುವರಿ ೨೦೨೪

ತಂಗಿ ಅನ್ನಪೂರ್ಣಾಗೆ,

ನಿನ್ನ ಮನೆಯನ್ನು ಇಂದು ಬೆಳಗಿನ ಬಸ್ಸಿಗೆ ಹಾಕಿದ್ದೇನೆ. ಯರಗಟ್ಟಿಯ ಮೇಲೆ ಬರುವ ಬಸ್ಸು, ಕಂಡಕ್ಟರ್ ಬಸಯ್ಯ. ಪೆಟ್ಟಿಗೆಯ ನಾಲ್ಕೂ ಬದಿಗೆ ಮೇಲ್ಮುಖವಾಗಿ ಬಾಣ ಬರೆದಿದ್ದೇನೆ. ಬಾಣವನ್ನು ಯಾರೂ ನೋಡುವುದಿಲ್ಲವೆಂದು ಗೊತ್ತಿದ್ದೂ ಬರೆದಿದ್ದೇನೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುತ್ತೀ. ನೀನು ಫೋನ್ ಮಾಡಿದಾಗಲೆಲ್ಲ ಅವ್ವ ‘ಸ್ಪೀಕರ್ ಮ್ಯಾಲೆ ಹಾಕು, ನಾನೂ ಕೇಳತೇನಿ’ ಅನ್ನುತ್ತಾಳೆ. ಎಪ್ಪತ್ತೆಂಟಾದರೂ ಅವಳ ಕಿವಿ ಚುರುಕು. ಓದು ಮಾತ್ರ ಬಾರದು. ಅವಳ ಎದುರು ಆಡಲಾಗದ ಮಾತಿಗೆ ನಮಗೆ ಉಳಿದಿರುವುದು ಕಾಗದ. ಮತ್ತೆ, ಫೋನಿನಲ್ಲಿ ನಾವಿಬ್ಬರೂ ಎರಡನೇ ನಿಮಿಷಕ್ಕೆ ಜಗಳಕ್ಕೆ ಬೀಳುತ್ತೇವೆ. ಕಾಗದದಲ್ಲಿ ಜಗಳ ಶುರುವಾಗಲು ಕನಿಷ್ಠ ಒಂದು ವಾರ ಬೇಕು.

ನೀನು ಕೇಳಿದ್ದು ಇಷ್ಟೇ: ಬೈಲಹೊಂಗಲದಲ್ಲಿ ಕಟ್ಟಿಸಲಿರುವ ಮನೆಯ ನಕ್ಷೆ ಸರಿ ಇದೆಯೇ ನೋಡು, ನೀನು ಡ್ರಾಯಿಂಗ್ ಮಾಸ್ತರ ಅಲ್ಲವೇ ಎಂದು. ನಕ್ಷೆ ನೋಡಿದರೆ ನನಗೆ ಏನೂ ತಿಳಿಯುವುದಿಲ್ಲ. ಕಟ್ಟಿ ನೋಡಬೇಕು. ಎಂಟು ವರ್ಷಗಳಿಂದ ಕಿಟ್ ಜೋಡಿಸುತ್ತ ಬಂದವನಿಗೆ ಇದೊಂದು ಚಟ. ಪೆಟ್ಟಿಗೆಯಲ್ಲಿ ಚಪ್ಪಟೆಯಾಗಿ ಬರುವ ಪರದೇಶದ ಪುಟ್ಟ ಮನೆಗಳು. ಜಪಾನಿನ ಚಹಾದಂಗಡಿ, ಗಾಜಿನ ಹೂದೋಟ, ಹೆಬ್ಬೆರಳಿನ ಉಗುರಿನಷ್ಟು ಪುಸ್ತಕಗಳಿರುವ ಗ್ರಂಥಾಲಯ. ಹನ್ನೊಂದು ಕಟ್ಟಿದ್ದೇನೆ. ಒಂದರಲ್ಲೂ ನಮಗೆ ಗೊತ್ತಿರುವವರು ಯಾರಾದರೂ ಇದ್ದಾರೆಂದು ಅನ್ನಿಸಲಿಲ್ಲ. ಕಿಟ್ ಇಲ್ಲದೆ ಕಟ್ಟಿದ ಮೊದಲ ಮನೆ ನಿನ್ನದು. ರೀತಿ ಮಾತ್ರ ಅದೇ. ಒಂದು ಫೂಟಿಗೆ ಅರ್ಧ ಇಂಚು. ಪ್ರತಿ ಗೋಡೆಗೂ ನಂಬರು. ಗೋಡೆಯ ಅಂಚಿಗೆ ನಾಲಿಗೆ, ನೆಲದಲ್ಲಿ ಅದಕ್ಕೆ ತಕ್ಕ ಸೀಳು. ಅಂಟು ಹಾಕಿಲ್ಲ, ಬೇಕಾದ ಗೋಡೆಯನ್ನು ಎತ್ತಿ ತೆಗೆಯಬಹುದು.

ಬೀದಿಯ ಕಡೆಯ ಕೋಣೆಯಲ್ಲಿ ಸಣ್ಣ ಬದಲಾವಣೆ ಮಾಡಿದ್ದೇನೆ. ಎರಡನೇ ಗೋಡೆ, ಏಳನೇ ಗೋಡೆ ನೋಡು. ಕಾರಣ ಆಮೇಲೆ.

ಗೋಡೆ ಹಿಡಿದು ಎತ್ತಬೇಡ. ಅಡಿಗೆ ಕೈ ಕೊಟ್ಟು ಎತ್ತು.

ಭೀಮಶಿ


ಬೈಲಹೊಂಗಲ
೧೩ ಫೆಬ್ರುವರಿ ೨೦೨೪

ಅಣ್ಣಾ,

ಮನಿ ಬಂತು. ತಲೆಕೆಳಗಾಗಿ ಬಂತು. ಬಸಯ್ಯ ‘ಒಳಗ ಏನೈತ್ರಿ ಬಾಯಾರ, ಕೋಳಿಮರಿ ಏನ್ರಿ? ಗಪ್ ಕುಂತಾವಲ್ರಿ’ ಅಂದ. ‘ಮನಿ ಐತಿ’ ಅಂದೆ. ಅವನು ನಕ್ಕದ್ದನ್ನು ನೋಡಿ ಸ್ಟ್ಯಾಂಡಿನಾಗ ನಾಕು ಮಂದಿ ನಕ್ಕರು.

ಚಂದ ಐತಿ. ಅದನ್ನ ಮೊದಲ ಬರದು ಮುಗಸ್ತೇನಿ. ಇವರು ಎಂ.ಕೆ. ಹುಬ್ಬಳ್ಳಿ ಕಾರ್ಖಾನಿಯಿಂದ ಬಂದವರ, ಅಂಗಿ ಸುದ್ದಾ ತಗೀದ, ನೆಲದ ಮ್ಯಾಲೆ ಬೋರಲ ಬಿದ್ದು ಕಿಡಕಿಗೆ ಕಣ್ಣ ಹಚ್ಚಿದರು. ‘ಅನ್ನಪೂರ್ಣಾ, ನಾ ಒಳಗ ಕುಂತಂಗ ಆಗಾಕತ್ತೈತಿ’ ಅಂದರು. ಕಬ್ಬಿನ ಸೀಜನ್ ಶುರುವಾದಾಗಿನಿಂದ ಅವರು ನನ್ನ ಕೂಡ ಆಡಿದ ಅತಿ ಉದ್ದನ್ನ ಮಾತು ಅದು.

ಈಗ ಕೇಳು. ಬೀದಿ ಕಡೆ ಕೋಣಿ ನನ್ನ ಹೊಲಿಗಿ ಕೋಣಿ. ನಕ್ಷೆಯೊಳಗ ದಪ್ಪ ಅಕ್ಷರದಾಗ ಬರದೈತಿ. ಅದಕ್ಕ ಪಡಸಾಲಿಯಿಂದ ಬಾಗಲಾನ ಇಲ್ಲಲ್ಲೋ! ಏಳನೇ ಗ್ವಾಡಿ ಪೂರಾ ಮುಚ್ಚೀದಿ. ಅದರ ಬದಲಿ ಬೀದಿಗೆ ಒಂದು ಬಾಗಲಾ ಇಟ್ಟೀದಿ. ಅಂದ್ರ ಒಲಿ ಮ್ಯಾಲೆ ಸಾರು ಇಟ್ಟು ಮಶೀನಿನ ತನಕ ಹೋಗಬೇಕಾದ್ರ ನಾ ಚಪ್ಪಲಿ ಮೆಟ್ಟಿ, ಮುಂಬಾಗಲಾ ದಾಟಿ, ಬೀದಿಗೆ ಇಳದು, ಮತ್ತ ಹತ್ತಿ ಒಳಗ ಹೋಗಬೇಕು. ನನ್ನ ಮನಿಯೊಳಗ ನಾನ ಗಿರಾಕಿ ಆದಂಗ ಆತು. ನಿನಗ ಏನ ಹೇಳೂದು? ಹನ್ನೊಂದು ಮನಿ ಕಟ್ಟೀನಿ ಅಂತಿ. ಒಂದರಾಗರ ಯಾರರ ಸಂಸಾರ ಮಾಡ್ಯಾರೇನು?

ಇನ್ನೊಂದು ತಾಪತ್ರಯ. ಗೌಂಡಿ ಮಡಿವಾಳೆಪ್ಪ ನಿನ್ನೆ ಇಟ್ಟಂಗಿ ಲೆಕ್ಕಾ ಹೇಳಾಕ ಬಂದಿದ್ದ. ನಿನ್ನ ಮನಿಗೆ ಒಂದು ಸುತ್ತ ಹಾಕಿದ. ಆಮ್ಯಾಲೆ ಕಿಸೆದಾಗಿನ ಟೇಪ್ ತಗದು ಬಾಗಲಾ ಅಳದ. ‘ಬಾಯಾರ, ಕಾಗದ ನನಗ ಬ್ಯಾಡ್ರಿ. ಇದನ್ನ ಕೊಡ್ರಿ. ಮಾಸ್ತರು ಹೆಂಗ ಮಾಡ್ಯಾರೋ ಹಂಗ ಎಬ್ಬಸ್ತೇನಿ’ ಅಂದ. ತಲಿ ಮ್ಯಾಲೆ ಹೊತಗೊಂಡು ಸೈಟಿಗೆ ಹ್ವಾದ. ಈಗ ಅದು ಅವನ ತಾಡಪತ್ರಿ ಕೆಳಗ ಐತಿ. ನಕ್ಷೆಯನ್ನು ಮಡಚಿ ಸಿಮೆಂಟ್ ಚೀಲದ ಬಾಯಿಗೆ ಇಟ್ಟಾನ.

ಅಂದ್ರ ನೀ ಏನ ಕಳಸ್ತಿ, ಅದ ಏಳತೈತಿ. ನಿನಗ ತಿಳೀತಲ್ಲ?

ಅದಕ್ಕ ನಾ ಸೈಟಿಗೆ ಹೋಗಿ, ಏಳನೇ ಗ್ವಾಡಿ ಕಿತ್ತು, ಅಡಗಿಮನಿ ಚಾಕು ಕಾಸಿ ಬಾಗಲಾ ಕೊಯ್ದೇನಿ. ಮಡಿವಾಳೆಪ್ಪ ಅದನ್ನ ಕೈಯಾಗ ಹಿಡಿದು, ಸತ್ತ ಪಾರಿವಾಳ ನೋಡಿದಂಗ ನೋಡಿದ. ‘ಇದು ಮಾಸ್ತರು ಕೊಯ್ದದ್ದಲ್ರಿ. ನಾ ಇದನ್ನ ಹಿಡಿಯಂಗಿಲ್ಲ’ ಅಂದ. ಗ್ವಾಡಿ ವಾಪಸ್ ಕಳಿಸೀನಿ. ಯುಗಾದಿ ಮುಗದ ಮ್ಯಾಲೆ ಪಾಯಾ ತಗೀತೇವಿ. ಅಷ್ಟರಾಗ ಬಾಗಲಾ ಇಟ್ಟು ಕೊಡು.

ಅನ್ನಪೂರ್ಣಾ


ರಾಮದುರ್ಗ
೩ ಮಾರ್ಚ್ ೨೦೨೪

ಅನ್ನವ್ವಾ,

ನೀನು ಕೊಯ್ದ ಗೋಡೆ ಬಂತು. ಪ್ಲೈವುಡ್ಡಿಗೆ ಕಾಸಿದ ಚಾಕು. ಹೊಸ ಗೋಡೆ ಮಾಡಿ ಕಳಿಸಿದ್ದೇನೆ. ಅದರಲ್ಲೂ ಬಾಗಿಲಿಲ್ಲ.

ಆ ಕೋಣೆ ನಿನ್ನ ಹೊಲಿಗೆಗಲ್ಲ. ಅವ್ವನಿಗೆ.

ಅವಳ ನಿಯಮ ನಿನಗೆ ಗೊತ್ತಿದೆ. ಮಗಳ ಮನೆಯಲ್ಲಿ ಉಣ್ಣಬಹುದು, ಹಾಸಿಗೆ ಹಾಸುವಂತಿಲ್ಲ. ಪೂನಮ್‌ಳನ್ನು ತೊಟ್ಟಿಲಿಗೆ ಹಾಕಿದಾಗ ಐದು ದಿನ ಬಂದಿದ್ದಳು. ಹಗಲೆಲ್ಲ ನಿನ್ನ ಮನೆಯಲ್ಲಿ ಮೊಮ್ಮಗಳನ್ನು ಎತ್ತಿಕೊಂಡಿದ್ದು, ಸಂಜೆಯಾದರೆ ಚಾಪೆ ಸುತ್ತಿಕೊಂಡು ಎದುರು ಮನೆಯ ರಾಚವ್ವನ ಪಡಸಾಲೆಗೆ ಹೋಗುತ್ತಿದ್ದಳು. ನಿಮ್ಮ ಅತ್ತೆ ಎಷ್ಟು ಹೇಳಿದರೂ ಕೇಳಲಿಲ್ಲ. ಆಗ ನಾವು ನಕ್ಕೆವು. ಈಗ ಅದೇ ಲೆಕ್ಕ ಹಿಡಿದು ನಾನು ಗೋಡೆ ಕಟ್ಟುತ್ತಿದ್ದೇನೆ. ಕೋಣೆಗೆ ಬೀದಿಯಿಂದ ತನ್ನದೇ ಹೊಸ್ತಿಲು ಇರಬೇಕು. ಒಳಗೆ ತನ್ನದೇ ಒಲೆ ಇರಬೇಕು. ನಿನ್ನ ಮನೆಯೊಳಗಿಂದ ದಾರಿ ಇರಬಾರದು. ಆಗ ಅದು ಮಗಳ ಮನೆಯಲ್ಲ, ಮಗಳ ಪಕ್ಕದ ಮನೆ. ಅವಳನ್ನು ಒಂದು ದಿನ ಸುಮ್ಮನೆ ಕೇಳಿ ನೋಡಿದೆ. ‘ಗ್ವಾಡಿ ಹತ್ತಿದ್ರೇನಾತು, ಹೊಸ್ತಲಾ ಬ್ಯಾರೆ ಇದ್ರ ಮನಿ ಬ್ಯಾರೆ’ ಅಂದಳು. ಯಾಕೆ ಕೇಳಿದೆನೆಂದು ಅವಳು ಕೇಳಲಿಲ್ಲ.

ಅವಳನ್ನು ಇನ್ನು ಇಲ್ಲಿ ಇಟ್ಟುಕೊಳ್ಳಲು ನನಗೆ ಆಗುವುದಿಲ್ಲ. ಕಾರಣ ಕೇಳಬೇಡ. ನಿನ್ನ ಮಶೀನಿಗೆ ಮೇಲೆ ಜಾಗವಿದೆ. ಮೆಟ್ಟಿಲು ಜೊತೆಗಿಟ್ಟಿದ್ದೇನೆ, ಗ್ರಂಥಾಲಯದ ಕಿಟ್ಟಿನಿಂದ ಬಿಡಿಸಿ ಮತ್ತೆ ಅಂಟಿಸಿದ್ದು.

ಭೀಮಶಿ


ಬೈಲಹೊಂಗಲ
೧೨ ಮಾರ್ಚ್ ೨೦೨೪

ಅಣ್ಣಾ,

ನಿನ್ನ ಕಾಗದ ಓದಿ ಎರಡು ದಿನ ಮಶೀನ್ ತುಳಿಯಲಿಲ್ಲ. ಮೂರನೇ ದಿನ ಒಂದು ಜಂಪರಿನ ತೋಳು ತಿರುವುಮುರುವು ಹಚ್ಚಿ, ಬಿಚ್ಚಿ, ಮತ್ತ ಹಚ್ಚಿದೆ. ಈಗ ಬರೀತೇನಿ.

ಕಾರಣ ಕೇಳಬ್ಯಾಡ ಅಂತಿ. ಕೇಳತೇನಿ. ಅವ್ವ ನಿನಗ ಏನ ಭಾರ ಆದಳು? ಈ ವಯಸ್ಸಿನ್ಯಾಗೂ ಅಡಗಿ ಆಕೀನ ಮಾಡ್ತಾಳ, ನೀ ಸಾಲಿಗೆ ಹೋಗಿ ಬಂದು ಮೇಜಿನ ಮುಂದ ಚಿಮಟ ಹಿಡಕೊಂಡು ಕೂಡ್ತಿ. ಮದುವಿ ಬ್ಯಾಡ ಅಂದಿ, ನಾವು ಸುಮ್ಮನಾದ್ವಿ. ಮನಿ ತುಂಬ ಗೊಂಬಿ ಮನಿ ಮಾಡಿದಿ, ಸುಮ್ಮನಾದ್ವಿ. ಹನ್ನೆರಡನೇದಕ್ಕ ಜಾಗ ಸಾಲವಲ್ತೇನು? ಅದಕ್ಕ ಅವ್ವನ್ನ ಎತ್ತಿ ಇಡಾಕತ್ತೀಯೇನು?

ಬೀದಿ ಬಾಗಲಾ ನನಗ ಎಲ್ಲಿ ಚುಚ್ಚತೈತಿ ನಿನಗ ಗೊತ್ತಿಲ್ಲ. ಅವತ್ತ ಐದು ದಿನ ಆಕಿ ಚಾಪಿ ಸುತ್ತಗೊಂಡು ಹೋಗೂದನ್ನ ಬಾಣಂತಿ ಕೋಣಿಯಿಂದ ನಾ ನೋಡೀನಿ. ನೀವು ನಕ್ಕಿರಿ. ನಾ ನಗಲಿಲ್ಲ. ಇಪ್ಪತ್ತು ವರ್ಷದ ಮ್ಯಾಲೆ ಸ್ವಂತ ಮನಿ ಕಟ್ಟಾಕತ್ತೀನಿ. ನನ್ನ ಹೊಸ್ತಲಾ ತುಳದು, ನನ್ನ ಪಡಸಾಲ್ಯಾಗ ಆಕಿ ಹಾಸಿಗಿ ಹಾಸಲಿ. ಹಂಗ ಬರೂದಾದ್ರ ಬರಲಿ. ನನ್ನ ಗ್ವಾಡಿಗೆ ಬೆನ್ನ ಹಚ್ಚಿ, ನನ್ನ ಒಲಿ ಬಿಟ್ಟು ಬ್ಯಾರೆ ಒಲಿ ಹೂಡಿ ಬಾಡಗಿದಾರರಂಗ ಇರೂದಾದ್ರ, ಅಂಥಾ ಕೋಣಿ ನಾ ಯಾಕ ಕಟ್ಟಲಿ?

ಇನ್ನ ನಿನ್ನ ಕೆಲಸ. ಮೆಟ್ಟಲಾ ನೋಡಿದೆ. ಮೂರನೇ ಪಾವಟಿಗಿ ಸೊಟ್ಟ. ಅಂಟು ಕೆಳಗ ಇಳದು ಗ್ವಾಡಿ ಮ್ಯಾಲೆ ಮೇಣದಂಗ ಹೆಪ್ಪಗಟ್ಟೈತಿ. ಏಳನೇ ಗ್ವಾಡಿ ನಾಲಿಗಿ ಸೀಳಿನ್ಯಾಗ ಕೂಡಂಗಿಲ್ಲ, ಒಂದು ಕಡೆ ಸಡಲ. ಫೆಬ್ರುವರಿಯಾಗ ಕಳಿಸಿದ ಮನಿ ಮಾಡಿದವನು ಇದನ್ನ ಮಾಡ್ಯಾನಂದ್ರ ನಂಬಿಗಿ ಬರಂಗಿಲ್ಲ. ಕಾಗದದ ಅಕ್ಷರ ಅಂತೂ ಕೋಳಿ ಕೆದರಿದಂಗ. ಕುಡಿಯಾಕತ್ತೀಯೇನು? ಖರೆ ಹೇಳು.

ಅನ್ನಪೂರ್ಣಾ


ರಾಮದುರ್ಗ
೨ ಏಪ್ರಿಲ್ ೨೦೨೪

ಅನ್ನಪೂರ್ಣಾಗೆ,

ಅಕ್ಷರದ ಬಗ್ಗೆ ನೀನು ಹೇಳಿದ್ದು ಸರಿ. ಆದ್ದರಿಂದ ಇದನ್ನು ಶಾಲೆಯ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೇನೆ.

ಕುಡಿಯುತ್ತಿಲ್ಲ.

ಅವ್ವ ಆರೋಗ್ಯವಾಗಿದ್ದಾಳೆ. ನಿನ್ನ ಮನೆಯನ್ನು ಕಳಿಸುವ ಮೊದಲು ಮೇಜಿನ ಮೇಲೆ ಅದನ್ನು ನೋಡಿದ್ದಳು. ಕನ್ನಡಕ ಹಾಕಿಕೊಂಡು ಬಂದು, ಒಂದೊಂದೇ ಕೋಣೆಗೆ ಬೆರಳಿಟ್ಟು ‘ಇದು ಏನು, ಇದು ಏನು’ ಎಂದು ಕೇಳಿದಳು. ಬೀದಿಯ ಕೋಣೆಗೆ ಬಂದಾಗ ಕೇಳಲಿಲ್ಲ. ‘ಇಲ್ಲಿ ಮುಂಜಾನಿ ಬಿಸಲು ಬರತೈತಿ’ ಅಂದಳು, ಅಷ್ಟೇ. ಅದರ ಆಚೆಗೆ ನಾನು ಅರ್ಥ ಹಚ್ಚಲಿಲ್ಲ.

ನೀನು ಕಟ್ಟುವುದಿಲ್ಲವೆಂದರೆ ಬೇರೆ ಏನಾದರೂ ನೋಡುತ್ತೇನೆ. ನಿನ್ನ ಮಾತಿನಲ್ಲಿ ತಪ್ಪಿಲ್ಲ. ಆದರೆ ನಿನ್ನ ಹಟ, ಅವಳ ಹಟ ಎರಡೂ ಒಂದೇ ಮರದ ಹಲಗೆ. ನಡುವೆ ನಾನು ಅಂಟು ಹಚ್ಚುತ್ತ ಕುಳಿತಿದ್ದೇನೆ, ಅದು ಕೆಳಗೆ ಇಳಿಯುತ್ತಿದೆ ಎಂದು ನೀನು ಬೈಯುತ್ತಿದ್ದೀ.

ಶಾಲೆಯಲ್ಲಿ ಈ ವರ್ಷ ಮಕ್ಕಳಿಗೆ ಬಳ್ಳಿ, ಎಲೆ, ಮೋಡ ಹೇಳಿಕೊಡುತ್ತಿದ್ದೇನೆ. ಹಲಗೆಯ ಮೇಲೆ ಸರಳರೇಖೆ ಹಾಕಿ ಬೇಸರ ಬಂದಿದೆ.

ಮೂರು ಕಿಟ್ ಒಡೆಯದೆ ಹಾಗೇ ಇವೆ. ಇದರ ಜೊತೆಗೆ ಕಳಿಸಿದ್ದೇನೆ. ನಿನ್ನ ಹೊಸ ಮನೆಯ ಕಪಾಟಿನಲ್ಲಿ ಇರಲಿ. ಒಂದು ಒಲೆಯೂ ಇದೆ, ಅವಲಕ್ಕಿಯಷ್ಟು. ಬೀದಿಯ ಕೋಣೆಯ ಮೂಲೆಗೆ ಇಟ್ಟು ನೋಡು. ನೋಡಿ ಆಮೇಲೆ ತೆಗೆದುಬಿಡು.

ಭೀಮಶಿ


ಬೈಲಹೊಂಗಲ
೨೩ ಏಪ್ರಿಲ್ ೨೦೨೪

ಅಣ್ಣಾ,

ಟೈಪ್ ಮಾಡಿದ ಕಾಗದ ಬಂತು. ಬ್ಯಾಂಕಿನವರು ನೋಟೀಸ್ ಕಳಸಿದಂಗ ಇತ್ತು. ಇವರು ಹೊರಗಿಂದ ಬಂದವರು ‘ಯಾರದು?’ ಅಂದರು. ‘ನಿಮ್ಮ ಭೀಮಶಿ ಮಾಸ್ತರದು’ ಅಂದೆ. ‘ಸಹಿ ಯಾಕ ಹಂಗೈತಿ?’ ಅಂದರು. ನನಗೇನು ಗೊತ್ತು. ತಂಗಿಗೆ ಕೈಲೆ ನಾಕು ಅಕ್ಷರ ಬರಿಯಾಕ ಬ್ಯಾಸರಾದವರಿಗೆ ಸಹಿ ಮಾಡಾಕೂ ಬ್ಯಾಸರ ಇರಬೇಕು.

ಪಾಯಾ ಆತು. ಮೂರು ದಿನದ ಹಿಂದ ಪೂಜಾ ಮಾಡಿ ಗೆರಿ ಹಾಕಿದ್ವಿ. ಮಡಿವಾಳೆಪ್ಪ ಸುಣ್ಣದ ಪುಡಿ ಹಿಡಕೊಂಡು, ನಿನ್ನ ಮನಿ ಪಕ್ಕಕ್ಕ ಇಟಗೊಂಡು, ಒಂದೊಂದು ಗ್ವಾಡಿ ಅಳದು ಹಾಕಿದ. ಏಳನೇ ಗ್ವಾಡಿ ನಾ ಮನಿಗೆ ತಂದು ಟ್ರಂಕಿನ್ಯಾಗ ಇಟ್ಟಿದ್ದೆ. ಅವನು ಅಲ್ಲಿಗೆ ಬಂದವನ ನಿಂತ. ‘ಏಳನೇ ನಂಬರ ಎಲ್ಲಿ ಐತ್ರಿ?’ ಅಂದ. ‘ಬಾಗಲಾ ಇಟ್ಟು ನೀನ ಕಟ್ಟು’ ಅಂದೆ. ‘ಮಾಸ್ತರು ಕಳಸೂತನಕ ಆ ಗ್ವಾಡಿ ಏಳಂಗಿಲ್ರಿ ಬಾಯಾರ. ಉಳಿದದ್ದು ಎಬ್ಬಸ್ತೇನಿ’ ಅಂದ. ಪಗಾರ ಕೊಡೂದು ನಾವು, ಮಾತು ಕೇಳೂದು ನಿನ್ನದು. ಅರವತ್ತು ಕಿಲೋಮೀಟರ್ ದೂರ ಕುಂತು ನನ್ನ ಗೌಂಡಿನ್ನ ಹೆಂಗ ಒಳಗ ಹಾಕ್ಕೊಂಡಿ?

ಬೀದಿ ಬಾಗಲಾ ಬ್ಯಾಡ ಅಂತ ಹೇಳಾಕ ಬಾಯಿ ತಗದಿದ್ದೆ. ಹೇಳಲಿಲ್ಲ. ಯಾಕೋ ಗೊತ್ತಿಲ್ಲ. ಹೇಳಬೇಕಾದ್ರ ನಾಳೆ ಹೇಳಿದ್ರೂ ನಡೀತೈತಿ.

ಕಿಟ್ಟಿನ ಡಬ್ಬಿಯೊಳಗ ನಿನ್ನ ಚಿಮಟ ಮರತು ಬಂದೈತಿ. ಆ ಉಕ್ಕಿನದು, ಪೂನಮ್ ಸಾಲಿ ಕಲಿಯೂವಾಗ ಮುಟ್ಟಿದ್ದಕ್ಕ ನೀ ಆಕೀಗೆ ಬಡದಿದ್ದಿಯಲ್ಲ, ಅದು. ವಾಪಸ್ ಕಳಿಸೀನಿ. ಈಗ ಮರಿಯೂದು ಬ್ಯಾರೆ ಶುರು ಆತೇನು?

ಒಲಿ ಟ್ರಂಕಿನ್ಯಾಗ ಐತಿ.

ಅನ್ನಪೂರ್ಣಾ


ರಾಮದುರ್ಗ
೮ ಮೇ ೨೦೨೪

ಚಿಮಟ ಮರೆತು ಬಂದದ್ದಲ್ಲ.

ಭೀಮಶಿ


ಬೈಲಹೊಂಗಲ
೧೩ ಜೂನ್ ೨೦೨೪

ಅಣ್ಣಾ,

ಸೋಮವಾರ ನಾ ಹೇಳದ ಕೇಳದ ರಾಮದುರ್ಗಕ್ಕ ಬಂದದ್ದು ನಿನಗ ಸೇರಲಿಲ್ಲ, ಮಾರಿ ಮ್ಯಾಲೆ ಕಾಣತಿತ್ತು. ಚಿಮಟ ತಿರಗಿ ಬಂತು, ಜೊತಿಗೆ ನಿನ್ನ ಆ ಒಂದು ಸಾಲಿನ ಕಾಗದ. ಆಮ್ಯಾಲೆ ಒಂದು ತಿಂಗಳು ಕಾದೆ. ಆ ಸಾಲಿನ ಅಕ್ಷರ ಇವರ ಮುಂದ ಹಿಡದೆ. ಇವರು ನೋಡಿ, ‘ಹೋಗಿ ಬಾ’ ಅಂದರು.

ಅವ್ವನ ಮುಂದ ಒಂದು ಮಾತು ಆಡಾಕ ಬರಲಿಲ್ಲ. ಅದಕ್ಕ ಈಗ ಬರೀತೇನಿ. ಓದು.

ನಾ ಬಂದಾಗ ನೀ ಸಾಲಿಗೆ ಹೊಂಟಿದ್ದಿ. ಅವ್ವ ನಿನ್ನ ಮುಂದ ನಿಂತು ಅಂಗಿ ಗುಂಡಿ ಹಾಕಾಕತ್ತಿದ್ದಳು. ನಾಕನೇ ಗುಂಡಿಗೆ ಬಂದಿದ್ದಳು. ನನ್ನ ನೋಡಿ ನೀ ಹಿಂದ ಸರದಿ, ಉಳಿದ ಗುಂಡಿ ಹಂಗ ಉಳೀತು. ಕೈ ಕಿಸೆದಾಗ ಇಟ್ಟಿ. ‘ಚಹಾ ಕುಡದು ಹೋಗೋ’ ಅಂತ ಅವ್ವ ಅಂದರ ‘ಬ್ಯಾಡ’ ಅಂದಿ. ನಾ ಇದ್ದದ್ದಕ್ಕ ಬ್ಯಾಡ ಅಂದಿ. ಬಟ್ಟಲದಾಗಿನ ಅರ್ಧ ಚಹಾ ತಣ್ಣಗ ಆತು. ಅರ್ಧ ಯಾಕ ಹಾಕ್ಯಾಳ ಅಂತ ನನಗ ನೀ ಹ್ವಾದ ಮ್ಯಾಲೆ ತಿಳೀತು. ತುಂಬ ಹಾಕಿದರ ಚೆಲ್ಲತೈತಿ.

ನಿನ್ನ ಮೇಜು ನೋಡಿದೆ. ದೀಪದ ಮ್ಯಾಲೆ ಧೂಳು. ಜಪಾನಿನ ಚಹಾದಂಗಡಿ ಮ್ಯಾಲೆ ಅವ್ವನ ಹಳೇ ಸೀರಿ ತುಂಡು ಹೊಚ್ಚಿತ್ತು.

ನಾ ನಿನಗ ಕುಡಕ ಅಂದೆ. ಅಕ್ಷರಕ್ಕ ಅಂದೆ, ಮೆಟ್ಟಲಿಗೆ ಅಂದೆ, ಸಹಿಗೆ ಅಂದೆ. ಒಂದ ಮಾತು, ಬರೇ ಒಂದು ಮಾತು, ‘ಕೈ ನಡಗತೈತಿ’ ಅಂತ ಬರದಿದ್ದರ ನಾ ಇಷ್ಟೆಲ್ಲಾ ಅಂತಿದ್ದೆನೇನು? ನಾಕು ತಿಂಗಳು ನನ್ನ ಕಡಿಂದ ಬೈಸಿಕೊಂಡು ಏನ ಗಳಸಿದಿ? ಬಳ್ಳಿ ಅಂತ, ಎಲಿ ಅಂತ, ಮೋಡ ಅಂತ! ನಿನ್ನ ಮಾರಿಗೆ ಮೋಡ ಹೊಡೀಲಿ.

ಅವ್ವ ಅಡಗಿಮನಿಯಾಗ ಏನಂದಳು ಗೊತ್ತೇನು? ‘ಅವನ ಕೈಗೆ ಗಾಳಿ ಹೊಕ್ಕೈತಿ. ದೀಪಾವಳಿಯಿಂದ. ಅವನ ಮುಂದ ಅನಬ್ಯಾಡ, ನನಗ ಗೊತ್ತಿಲ್ಲ ಅಂತ ತಿಳದಾನ’ ಅಂದಳು. ‘ಗೊತ್ತಿಲ್ಲಂದ್ರ ಗುಂಡಿ ಯಾಕ ಹಾಕತಿ?’ ಅಂದೆ. ‘ಗುಂಡಿ ಕಾಜ ಬಿಗಿ ಆಗ್ಯಾವಂತ ಅವನ ಹೇಳಿದ. ಹೌದಪ್ಪಾ ಅಂದೆ’ ಅಂದಳು. ನೀವಿಬ್ಬರೂ ಒಂದ ಮನಿಯಾಗ ಒಬ್ಬರಿಗೊಬ್ಬರು ನಾಟಕಾ ಆಡ್ತೀರಿ, ನಾ ಇಲ್ಲಿ ಚಾಕು ಕಾಸಿ ಗ್ವಾಡಿ ಕೊಯ್ತೇನಿ. ಶಾಣ್ಯಾರ ಮನೆತನ ನಮ್ಮದು.

ಈಗ ನಿನ್ನ ಲೆಕ್ಕ ನನಗ ತಿಳದೈತಿ. ಅವ್ವ ನಿನ್ನ ನೋಡಕೊಳ್ಳಾಕತ್ತಾಳ, ಅದು ನಿನಗ ತಡಿಯವಲ್ತು. ಆಕೀನ್ನ ನನ್ನ ಕಡೆ ದಾಟಿಸಿ ನೀ ಒಬ್ಬನ ಕೂಡೂದು ಅಂತ ಮಾಡೀದಿ. ‘ಬೈಲಹೊಂಗಲಕ್ಕ ಬಾ, ನಿನಗ ಬ್ಯಾರೆ ಹೊಸ್ತಲಾ ಇಡತೇನಿ’ ಅಂತ ನಾ ಅವ್ವನ್ನ ಕೇಳಿದೆ. ಹೌದು, ನಾನ ಕೇಳಿದೆ. ಸೋತೆ. ಆಕಿ ಏನಂದಳು? ‘ಕೋಣಿ ಚಲೋ ಐತಿ. ಬಿಸಲು ಬರತೈತಿ. ನಾ ಹ್ವಾದ್ರ ಇವನ ಗುಂಡಿ ಯಾರು ಹಾಕೋರು?’

ಅದಕ್ಕ ಹೇಳತೇನಿ, ಇದು ಕಡೀ ಮಾತು. ಇಬ್ಬರೂ ಬರ್ರಿ. ಇಲ್ಲಿಯ ಹೈಸ್ಕೂಲಿಗೆ ವರ್ಗ ಕೇಳು. ಸಿಗೂತನಕ ರಜಾ ಹಾಕು. ಅವ್ವ ಬೀದಿ ಬಾಗಲಿನಿಂದ ಬರಲಿ, ಆಕೀ ಹೊಸ್ತಲಾ ಆಕೀಗೆ ಇರಲಿ. ನೀ ನನ್ನ ಅಣ್ಣ. ತಂಗಿ ಮನಿಯಾಗ ಮಲಗಬಾರದು ಅಂತ ಯಾವ ಅವ್ವನೂ ನಿಯಮಾ ಮಾಡಿಲ್ಲ. ನೀ ಪಡಸಾಲಿಯಿಂದ ಆಕೀ ಕೋಣಿಗೆ ಬಾ. ಅದಕ್ಕ ಏಳನೇ ಗ್ವಾಡಿಗೆ ಬಾಗಲಾ ಬೇಕು. ಅವ್ವಗ ಕಾಣಬಾರದಂದ್ರ ನಾ ಪರದಾ ಹೊಲೀತೇನಿ.

ಮಡಿವಾಳೆಪ್ಪ ಇನ್ನೂ ಕಾಯಾಕತ್ತಾನ. ನಾಕೂ ಕಡೆ ಗ್ವಾಡಿ ಎದಿಮಟ ಎದ್ದಾವ, ಆ ಒಂದು ಜಾಗ ಖಾಲಿ. ನಾ ಕೊಯ್ದದ್ದು ಅವ ಹಿಡಿಯಂಗಿಲ್ಲ. ನೀನ ಕೊಯ್ಯಬೇಕು. ಚಿಮಟ, ಬ್ಲೇಡ್ ಎಲ್ಲಾ ಇದರ ಜೊತಿ ಇಟ್ಟೀನಿ. ಈ ಸಲ ಮರತು ಕಳಸಬ್ಯಾಡ.

ಅನ್ನಪೂರ್ಣಾ


ರಾಮದುರ್ಗ
೨೧ ಜುಲೈ ೨೦೨೪

ಅನ್ನವ್ವಾ,

ಕೈಯಲ್ಲೇ ಬರೆಯುತ್ತಿದ್ದೇನೆ. ಓದಲು ಆಗದಿದ್ದರೆ ನಿನ್ನ ಗಂಡ ಅರ್ಜುನಪ್ಪನ ಹತ್ತಿರ ಓದಿಸು. ಆತನಿಗೆ ಕಾರ್ಖಾನೆಯ ಡ್ರೈವರುಗಳ ಚೀಟಿ ಓದಿ ರೂಢಿಯಿದೆ.

ಧಾರವಾಡದ ಡಾಕ್ಟರು ಕಂಪವಾತ ಎಂದರು. ಹೋದ ದೀಪಾವಳಿಯ ಮುಂದೆ. ನಿನ್ನ ಮನೆಯ ಮೊದಲ ಗೋಡೆಗಳನ್ನು ಮಾತ್ರೆ ಚೆನ್ನಾಗಿ ಹಿಡಿಯುತ್ತಿದ್ದ ದಿನಗಳಲ್ಲಿ ಕೊಯ್ದಿದ್ದೆ. ಬೆಳಿಗ್ಗೆ ಒಂದು ತಾಸು ಕೈ ನನ್ನ ಮಾತು ಕೇಳುತ್ತಿತ್ತು. ಆ ಒಂದೊಂದು ತಾಸನ್ನು ಕೂಡಿಸಿ ಮಾಡಿದ ಮನೆ ಅದು. ಆಮೇಲೆ ತಾಸು ಅರ್ಧಕ್ಕೆ ಇಳಿಯಿತು. ಹೇಳಲಿಲ್ಲ. ಹೇಳಿದರೆ ನೀನು ಮೆಟ್ಟಿಲನ್ನು ಬೈಯುತ್ತಿರಲಿಲ್ಲ. ಬೈಸಿಕೊಳ್ಳುವಷ್ಟು ದಿನ ನಾನು ಮೊದಲಿನ ಭೀಮಶಿಯೇ ಆಗಿರುತ್ತೇನೆ ಎಂದುಕೊಂಡೆ. ಲೆಕ್ಕ ಮೂರ್ಖತನದ್ದು, ಆದರೆ ಲೆಕ್ಕವೇ.

ಏಳನೇ ಗೋಡೆಗೆ ಬಾಗಿಲು ಕೊಯ್ಯಲು ಹನ್ನೊಂದು ದಿನ ಹಿಡಿಯಿತು. ಪ್ಲೈವುಡ್ಡಿನ ಎರಡು ಹಾಳೆ ಹಾಳಾದವು. ಮೂರನೆಯದನ್ನು ಕೊಯ್ಯುವಾಗ ಅವ್ವ ಬಂದು ಎದುರು ಕುಳಿತಳು. ಕಾಳು ಆರಿಸುವ ನೆವ. ನನ್ನ ಕೈಯನ್ನು ನೋಡಲಿಲ್ಲ, ನಾನೂ ಅವಳನ್ನು ನೋಡಲಿಲ್ಲ. ಬ್ಲೇಡ್ ಜಾರಿದಾಗ ‘ಹಲಗೀನ ಸುಮಾರ ಐತಿ’ ಅಂದಳು. ಹಲಗೆ ಚೆನ್ನಾಗಿಯೇ ಇತ್ತು.

ಬಾಗಿಲು ನೇರವಾಗಿಲ್ಲ. ಮೇಲಿನ ಅಂಚು ಬಲಗಡೆಗೆ ಎರಡು ಮಿಲಿಮೀಟರ್ ತಗ್ಗಿದೆ. ಇದಕ್ಕಿಂತ ಸರಿಯಾಗಿ ಇನ್ನು ನನ್ನಿಂದ ಆಗದು. ಮಡಿವಾಳೆಪ್ಪ ಟೇಪ್ ಹಿಡಿಯುವ ಮೊದಲೇ ಹೇಳು, ಅಳತೆಯನ್ನು ಎಡಗಡೆಯಿಂದ ಮಾತ್ರ ತೆಗೆದುಕೊಳ್ಳಲಿ. ಮರೆಯಬೇಡ. ಒಂದು ಫೂಟಿಗೆ ಅರ್ಧ ಇಂಚು ಅಂದರೆ ನನ್ನ ತಪ್ಪು ಅವನ ಕೈಯಲ್ಲಿ ಇಪ್ಪತ್ತನಾಲ್ಕು ಪಟ್ಟಾಗುತ್ತದೆ.

ವರ್ಗಕ್ಕೆ ಅರ್ಜಿ ಕೊಟ್ಟಿಲ್ಲ. ನಮೂನೆ ತಂದಿಟ್ಟಿದ್ದೇನೆ.

ನನ್ನ ಮೇಜು ನಾಲ್ಕು ಫೂಟು ಉದ್ದ, ಎರಡೂವರೆ ಫೂಟು ಅಗಲ. ಸುಮ್ಮನೆ ಬರೆದೆ.

ಭೀಮಶಿ


ಬೈಲಹೊಂಗಲ
೨೫ ಆಗಸ್ಟ್ ೨೦೨೪

ಅಣ್ಣಾ,

ಗ್ವಾಡಿ ಬಂತು. ಆಷಾಢ ಇತ್ತಂತ ಚೌಕಟ್ಟು ನಿಲ್ಲಸಲಿಲ್ಲ, ಶ್ರಾವಣಕ್ಕ ಕಾದ್ವಿ. ಮೊನ್ನೆ ಶುಕ್ರವಾರ ನಿಲ್ಲಸಿದರು.

ಬೀದಿ ಬಾಗಲಾ ಮೊದಲ ಆತು. ಅರಿಷಿಣ ಕುಂಕುಮ ಹಚ್ಚಿ, ಹೊಸ್ತಲಿಗೆ ನಾನ ನೀರು ಹಾಕಿದೆ. ಅವಲಕ್ಕಿಯಷ್ಟು ಒಲಿ ಟ್ರಂಕಿನಿಂದ ತಗದು ನಿನ್ನ ಮನಿ ಮೂಲಿಯಾಗ ಇಟ್ಟೆ. ಮಡಿವಾಳೆಪ್ಪ ಅಲ್ಲಿಗೂ ಟೇಪ್ ಹಿಡದ. ‘ಅದು ಬ್ಯಾಡೋ ಮಾರಾಯಾ, ಅದು ಒಲಿ’ ಅಂದೆ. ‘ಒಲಿ ಕಟ್ಟಿ ಎಷ್ಟು ಎತ್ತರ ಅಂತ ನೋಡಾಕತ್ತೀನ್ರಿ’ ಅಂದ.

ಆಮ್ಯಾಲೆ ಏಳನೇ ಗ್ವಾಡಿ. ಅವನು ಅದನ್ನ ಎರಡೂ ಕೈಲೆ ಹಿಡದು ಬಿಸಲಿಗೆ ಎತ್ತಿ ನೋಡಿದ. ‘ಇದು ಮಾಸ್ತರದು’ ಅಂದ. ಎಡಗಡೆ ಅಳದ. ಬರಕೊಂಡ. ಬಲಗಡೆ ಅಳದ. ಮತ್ತ ಎಡಗಡೆ ಅಳದ. ನಿಂತ. ಚೌಕಟ್ಟು ತಂದ ಬಡಿಗ್ಯಾ ‘ಏ ಇದು ಸೊಟ್ಟ ಐತಿ’ ಅಂದ. ಮಡಿವಾಳೆಪ್ಪ ಅವನ ಮ್ಯಾಲೆ ಏರಿ ಹ್ವಾದ: ‘ಹನ್ನೊಂದು ಮನಿ ಕಟ್ಯಾರ ಅವರು. ಮಾಸ್ತರು ಹಂಗ ಮಾಡ್ಯಾರಂದ್ರ ಅದಕ್ಕೊಂದು ಲೆಕ್ಕ ಇರತೈತಿ. ನಿನ್ನ ಚೌಕಟ್ಟು ತಿದ್ದು.’

ನಿನ್ನ ಕಾಗದ ನನ್ನ ಜಂಪರಿನ್ಯಾಗ ಇತ್ತು. ‘ಎಡಗಡೆಯಿಂದ ಮಾತ್ರ ಅಳೀ’ ಅಂತ ಹೇಳೂದಷ್ಟ ಬಾಕಿ. ಇವರು ನನ್ನ ಮಾರಿ ನೋಡಿದರು. ನಾ ಇವರ ಮಾರಿ ನೋಡಿದೆ. ಬಾಯಿ ತಗೀಲಿಲ್ಲ.

ನಿನ್ನ ಎರಡು ಮಿಲಿಮೀಟರ್ ನನ್ನ ಪಡಸಾಲ್ಯಾಗ ಎರಡು ಇಂಚು ಆಗೈತಿ. ಬಂದವರೆಲ್ಲಾ ಕೇಳತಾರ. ಬಡಿಗ್ಯಾ ಎರಡು ದಿನ ಬೈಕೋತ ಬಾಗಲಾ ಕೆತ್ತಿದ. ಪರದಾದ ಕೋಲು ಸಮಾ ಕೂಡಂಗಿಲ್ಲ, ಒಂದು ಕಡೆ ಅರಿವಿ ಜಾಸ್ತಿ ಬಿಟ್ಟು ಹೊಲದೇನಿ. ನನ್ನ ಕೆಲಸ ಹೆಚ್ಚು ಮಾಡೂದು ನಿನಗ ಹುಟ್ಟಿನಿಂದ ಬಂದೈತಿ.

ಮೇಜು ಆ ಬಾಗಲದಾಗ ಹಾಯತೈತಿ. ನಾನ ಅಳದು ನೋಡೀನಿ. ಬಾಗಲಾ ಹಾಕಿ ತಗದು ನೋಡಿದೆ, ಸದ್ದಿಲ್ಲದ ಮುಚ್ಚತೈತಿ.

ನಮೂನಿ ತುಂಬು. ಗುಂಡಿ ಕಾಜ ಬಿಗಿ ಇದ್ದ ಅಂಗಿ ಎಲ್ಲಾ ತಗೊಂಡು ಬಾ. ಸಡಲ ಮಾಡಿ ಕೊಡತೇನಿ.

ಅನ್ನಪೂರ್ಣಾ